ನೆಲದ ಗುಟ್ಟು ಹೇಳುವ ಹೂವು



ಈ ಹೊತ್ತು ನಾನು ಭತ್ತದ ವಿಷಯ ಹೇಳುವುದಿಲ್ಲ, ಅಡಿಕೆಯ ವಿಷಯವನ್ನೂ ಹೇಳುವುದಿಲ್ಲ. ಅಂಗಳದ ಒಂದು ಹೂವಿನ ಚರಿತ್ರೆ ಹೇಳುತ್ತೇನೆ. "ಹೊಟ್ಟೆಗಿಲ್ಲದ ಹೂವಿನ ಮಾತು ನಮಗ್ಯಾಕಪ್ಪಾ" ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಹೂವಿನ ಮಾತು ಸುತ್ತಿ ಸುಳಿದು ಕೊನೆಗೆ ನಿಮ್ಮ ತೋಟದ ಗೊಬ್ಬರದ ದುಡ್ಡಿಗೇ ಬಂದು ನಿಲ್ಲುತ್ತದೆ.

ಕೊಪ್ಪದ ಕಡೆ ಒಂದು ಊರು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ವಿಚಾರವಾಗಿ ಒಬ್ಬರ ಮನೆಗೆ ಹೋಗಿದ್ದೆ. ಕೆಲಸದ ಮಾತು ಮುಗಿಯಿತು. ಕಾಫಿ ಕುಡಿದು ಹೊರಡಬೇಕು ಅನ್ನುವಾಗ ಆ ಮನೆಯ ಅಜ್ಜಿ ನನ್ನನ್ನು ಅಂಗಳಕ್ಕೆ ಕರೆದರು. "ಇದನ್ನೊಂದು ನೋಡಿ ಮಾರಾಯ್ರೆ. ಒಂದೇ ಗಿಡದ ಎರಡು ಕಡ್ಡಿ ತಂದು ನಾನೇ ನೆಟ್ಟದ್ದು, ಒಂದೇ ದಿವಸ. ಹಲಸಿನ ಮರದ ಹತ್ರದ್ದು ನೀಲಿ ಹೂ ಬಿಡ್ತದೆ. ಗೋಡೆ ಹತ್ರದ್ದು ಗುಲಾಬಿ ಬಣ್ಣ ಬಿಡ್ತದೆ. ಅತ್ತೆ ಕಡ್ಡಿ ಅದಲು ಬದಲು ಮಾಡಿದ್ರು ಅಂತ ನಮ್ಮ ಸೊಸೆ ನಗ್ತಾಳೆ. ನೀವಾದ್ರೂ ಹೇಳಿ, ಇದು ಹೇಗೆ?" ಎಂದರು.

ನೋಡಿದರೆ ಹೈಡ್ರಾಂಜಿಯ ಗಿಡ. ಮಲೆನಾಡಿನಲ್ಲಿ, ಕೊಡಗಿನಲ್ಲಿ ನೀವೆಲ್ಲ ಕಂಡೇ ಇರುತ್ತೀರಿ. ಅಗಲವಾದ ಹಲ್ಲಂಚಿನ ಎಲೆ, ಕೊನೆಯಲ್ಲಿ ಮಕ್ಕಳ ತಲೆಯಷ್ಟು ದೊಡ್ಡ ಹೂವಿನ ಚೆಂಡು. ಅಜ್ಜಿ ಕೇಳಿದ ಪ್ರಶ್ನೆ ಸಣ್ಣದೇನಲ್ಲ. ಇದೇ ಪ್ರಶ್ನೆಗೆ ಉತ್ತರ ಸಿಕ್ಕಲು ದೊಡ್ಡ ದೊಡ್ಡ ತೋಟಗಳವರಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಕಥೆಯನ್ನೇ ಈಗ ಕೇಳೋಣ.

ಈ ಗಿಡದ ತವರು ಜಪಾನ್ ದೇಶ. ಸಮುದ್ರದ ಅಂಚಿನ ಬೆಟ್ಟಗಳಲ್ಲಿ ಇದರ ಮೂಲ ಜಾತಿ ತಾನಾಗಿ ಬೆಳೆಯುತ್ತದೆ. ಅಲ್ಲಿಯವರು ಇದನ್ನು 'ಅಜಿಸಾಯಿ' ಎನ್ನುತ್ತಾರೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಮುಂಗಾರು ಹಿಡಿಯುವ ಹಾಗೆ ಅಲ್ಲಿಯೂ ಜೂನ್ ಸುಮಾರಿಗೆ ಒಂದು ಜಡಿಮಳೆಯ ಕಾಲ ಉಂಟು. ಆ ಮಳೆಯಲ್ಲೇ ಅಜಿಸಾಯಿ ಅರಳುವುದು. ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ 'ಮನ್‌ಯೋಶೂ' ಎಂಬ ಜಪಾನಿನ ಹಳೆಯ ಪದ್ಯಸಂಗ್ರಹದಲ್ಲಿಯೇ ಈ ಹೂವಿನ ಹೆಸರು ಬರುತ್ತದೆ. ಆದರೆ ಅಲ್ಲಿಯ ಜನ ಇದನ್ನು ಬಹಳ ಕಾಲ ಮೆಚ್ಚಿ ತಲೆಯ ಮೇಲೆ ಹೊತ್ತರು ಎಂದಲ್ಲ. ಅರಳುವಾಗ ಒಂದು ಬಣ್ಣ, ಬಲಿಯುವಾಗ ಇನ್ನೊಂದು ಬಣ್ಣ, ಬಾಡುವಾಗ ಮತ್ತೊಂದು. ಹೀಗೆ ಬಣ್ಣ ಬದಲಿಸುವ ಹೂವು ನಂಬಿಕೆಗೆ ತಕ್ಕದ್ದಲ್ಲ, ಚಂಚಲ ಮನಸ್ಸಿನದು ಎಂದು ಆಡಿಕೊಳ್ಳುತ್ತಿದ್ದರು.

ಇದಕ್ಕೆ ಹತ್ತಿರದ ನೆಂಟನಾದ ಇನ್ನೊಂದು ಹೈಡ್ರಾಂಜಿಯದ ಎಲೆಯನ್ನು ಹದಮಾಡಿ ಒಣಗಿಸಿ ಜಪಾನಿನವರು ಸಿಹಿಯಾದ ಒಂದು ಚಹ ಕಾಸುತ್ತಾರೆ. ಏಪ್ರಿಲ್ ೮ರಂದು, ಬುದ್ಧನ ಜನ್ಮದಿನದಲ್ಲಿ, ದೇವಾಲಯಗಳಲ್ಲಿ ಬಾಲಬುದ್ಧನ ವಿಗ್ರಹಕ್ಕೆ ಅದನ್ನೇ ಅಭಿಷೇಕ ಮಾಡುತ್ತಾರೆ. ಇದನ್ನು ಕೇಳಿ ಯಾರೂ ಅಂಗಳದ ಹೈಡ್ರಾಂಜಿಯದ ಎಲೆ ಕಿತ್ತು ಕಷಾಯ ಮಾಡಬೇಡಿ. ನಮ್ಮ ಅಂಗಳದ ಜಾತಿ ಬೇರೆ, ಅದರ ಎಲೆ, ಮೊಗ್ಗು ಎರಡೂ ನಂಜು. ದನ, ಕರು, ಆಡು ಬಾಯಿ ಹಾಕದ ಹಾಗೆ ನೋಡಿಕೊಳ್ಳಬೇಕು. ಕತ್ತರಿಸಿದ ಸೊಪ್ಪನ್ನು ಕೊಟ್ಟಿಗೆಯ ಕಡೆ ಎಸೆಯಬಾರದು.

ಜಪಾನ್ ಆ ಕಾಲದಲ್ಲಿ ಬಾಗಿಲು ಹಾಕಿಕೊಂಡಿದ್ದ ದೇಶ. ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ವ್ಯಾಪಾರಕ್ಕೆ ಅಪ್ಪಣೆ ಇತ್ತು. ಅವರೂ ಊರೊಳಗೆ ಬರುವ ಹಾಗಿರಲಿಲ್ಲ. ನಾಗಸಾಕಿ ಬಂದರಿನಲ್ಲಿ ಮಣ್ಣು ತುಂಬಿ ಕಟ್ಟಿದ ದೆಜಿಮಾ ಎಂಬ ನಡುಗಡ್ಡೆ, ನಾಲ್ಕು ಎಕರೆಗೂ ಕಡಿಮೆ. ೧೬೪೧ರಿಂದ ಡಚ್ಚರು ಅಲ್ಲೇ ಇರಬೇಕಾಯಿತು. ಸೇತುವೆ ದಾಟಲು ಪ್ರತ್ಯೇಕ ಅಪ್ಪಣೆ ಬೇಕು.

೧೭೭೫ರಲ್ಲಿ ಕಾರ್ಲ್ ಪೀಟರ್ ಥುನ್‌ಬೆರ್ಗ್ ಎಂಬ ಸ್ವೀಡನ್ ದೇಶದ ವೈದ್ಯ ಈ ನಡುಗಡ್ಡೆಗೆ ಬಂದ. ಗಿಡಮೂಲಿಕೆಗಳನ್ನು ತಿಳಿಯಬೇಕೆಂಬ ಹಂಬಲ ಆತನದು. ಊರೊಳಗೆ ಕಾಲಿಡುವಂತಿಲ್ಲ, ಏನು ಮಾಡುವುದು? ದೆಜಿಮಾದಲ್ಲಿದ್ದ ಜಾನುವಾರುಗಳಿಗೆ ಹೊರಗಿನಿಂದ ಹಸಿಹುಲ್ಲು, ಸೊಪ್ಪು ಬರುತ್ತಿತ್ತು. ಥುನ್‌ಬೆರ್ಗ್ ಆ ಮೇವಿನ ಹೊರೆಯನ್ನು ಬಿಚ್ಚಿ, ಆಡು ತಿನ್ನುವ ಮೊದಲೇ ಅದರೊಳಗಿನ ಗಿಡಗಳನ್ನು ಆರಿಸಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದ! ಮೇವಿನ ಹೊರೆಯಲ್ಲಿ ಹುಲ್ಲು ಮಾತ್ರ ಕಾಣುವ ನಮಗೆ ಇದೊಂದು ಪಾಠವೇ ಸರಿ. ಮುಂದೆ ಅಪ್ಪಣೆ ಸಿಕ್ಕಾಗ ಹೊರಗೂ ತಿರುಗಾಡಿ, ೧೭೮೪ರಲ್ಲಿ ಜಪಾನಿನ ಸಸ್ಯಗಳ ಮೇಲೆ ಗ್ರಂಥ ಬರೆದ. ನಮ್ಮ ಈ ಹೂವೂ ಅದರಲ್ಲಿ ಸೇರಿದೆ. ಆದರೆ ಅದನ್ನು ಬೇರೊಂದು ಕುಲದ ಗಿಡವೆಂದು ತಪ್ಪಾಗಿ ತಿಳಿದು ಬರೆದಿದ್ದ. ೧೮೩೦ರಲ್ಲಿ ಸೆರಿಂಜ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಹೈಡ್ರಾಂಜಿಯ ಕುಲಕ್ಕೆ ಸೇರಿಸಿದ.

ಹೈಡ್ರಾಂಜಿಯ ಎಂಬ ಹೆಸರು ಅದಕ್ಕೂ ಹಳೆಯದು. ಇದೇ ಕುಲದ ಅಮೆರಿಕದ ಒಂದು ಕಾಡುಗಿಡಕ್ಕೆ ೧೭೩೯ರಲ್ಲಿ ಇಟ್ಟದ್ದು. ಗ್ರೀಕ್ ಭಾಷೆಯಲ್ಲಿ 'ನೀರಿನ ಪಾತ್ರೆ' ಎಂದು ಅರ್ಥ. ಇದರ ಬೀಜದ ಕಾಯಿ ಪುಟ್ಟ ಕೊಡದ ಹಾಗೆ ಇರುವುದರಿಂದ ಆ ಹೆಸರು ಬಂತು. ಗಿಡಕ್ಕೆ ನೀರಿನ ದಾಹ ಹೆಚ್ಚು ಎಂಬ ಮಾತೂ ಸುಳ್ಳಲ್ಲ, ಅದನ್ನು ಮುಂದೆ ಹೇಳುತ್ತೇನೆ.

೧೭೮೯ರ ಸುಮಾರಿಗೆ ಚೀನಾದ ತೋಟದಲ್ಲಿದ್ದ ಒಂದು ಹೈಡ್ರಾಂಜಿಯ ಗಿಡ ಹಡಗೇರಿ ಇಂಗ್ಲೆಂಡಿಗೆ ಬಂತು. ಸರ್ ಜೋಸೆಫ್ ಬ್ಯಾಂಕ್ಸ್ ಎಂಬವರು ಅದನ್ನು ಲಂಡನ್ ಹತ್ತಿರದ ಕ್ಯೂ ತೋಟಕ್ಕೆ ಕೊಟ್ಟರು. ಕಡ್ಡಿ ನೆಟ್ಟರೆ ಬೇರು ಬಿಡುವ ಗಿಡವಾದ್ದರಿಂದ ಬಹುಬೇಗ ಮನೆಮನೆಗೆ ಹರಡಿತು. ಆಗಲೇ ಕೊಪ್ಪದ ಅಜ್ಜಿಯ ಪ್ರಶ್ನೆ ಅಲ್ಲಿ ಹುಟ್ಟಿದ್ದು. ಒಬ್ಬನ ತೋಟದಲ್ಲಿ ಗುಲಾಬಿ ಬಣ್ಣ ಬಿಟ್ಟ ಗಿಡದ ಕಡ್ಡಿ ಇನ್ನೊಬ್ಬನ ತೋಟದಲ್ಲಿ ನೀಲಿ ಬಿಡುತ್ತಿತ್ತು. ನೀಲಿ ಎಂದು ದುಡ್ಡು ಕೊಟ್ಟು ತಂದದ್ದು ಎರಡು ವರ್ಷಕ್ಕೆ ಗುಲಾಬಿಯಾಗುತ್ತಿತ್ತು. ಗಿಡ ಮಾರಿದವನು ಮೋಸ ಮಾಡಿದ ಎಂದು ಒಬ್ಬ, ನೀನೇ ಸರಿಯಾಗಿ ಸಾಕಲಿಲ್ಲ ಎಂದು ಇನ್ನೊಬ್ಬ! ಮಾಲಿಗಳು ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂತು ನೋಡಿದರು. ಕಬ್ಬಿಣದಿಂದಲೇ ನೀಲಿ ಬರುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿ ಬೇರೂರಿತೆಂದರೆ ಈಗಲೂ ಹಾಗೆ ಹೇಳುವವರು ಇದ್ದಾರೆ. ಇನ್ನು ಕೆಲವರು ಪಟಿಕದ ನೀರು ಹಾಕಿ ನೋಡಿದರು. ಅದರಿಂದ ನಿಜವಾಗಿಯೂ ನೀಲಿ ಬಂತು. ಯಾಕೆ ಬಂತು ಎನ್ನುವುದು ಮಾತ್ರ ತಿಳಿಯಲಿಲ್ಲ.

ಅಲ್ಲಿಗೆ ಆ ಮಾತನ್ನು ನಿಲ್ಲಿಸಿ ಮತ್ತೊಮ್ಮೆ ದೆಜಿಮಾಕ್ಕೆ ಹೋಗೋಣ. ಈ ಹೂವಿನ ಚರಿತ್ರೆಯಲ್ಲಿ ಒಂದು ಕುಟುಂಬದ ಕಥೆಯೂ ಸೇರಿಕೊಂಡಿದೆ, ಅದನ್ನು ಬಿಡುವ ಹಾಗಿಲ್ಲ.

೧೮೨೩ರಲ್ಲಿ ಫಿಲಿಪ್ ಫ್ರಾನ್ಸ್ ಫಾನ್ ಸೀಬೋಲ್ಡ್ ಎಂಬ ಜರ್ಮನ್ ವೈದ್ಯ ಡಚ್ಚರ ಕೆಲಸಕ್ಕೆಂದು ದೆಜಿಮಾಕ್ಕೆ ಬಂದ. ರೋಗಿಗಳನ್ನು ನೋಡಿದ, ಜಪಾನಿನ ಯುವಕರಿಗೆ ವೈದ್ಯ ಕಲಿಸಿದ, ಗಿಡಗಳನ್ನು ಕೂಡಿಸಿದ. ಕುಸುಮೊತೊ ತಾಕಿ ಎಂಬ ಹೆಂಗಸಿನೊಡನೆ ಸಂಸಾರ ಹೂಡಿದ. ಕಾಯಿದೆಯ ಪ್ರಕಾರ ಮದುವೆಯಾಗುವ ಹಾಗಿರಲಿಲ್ಲ. ಆ ನಡುಗಡ್ಡೆಗೆ ಗಣಿಕೆಯರ ಹೊರತು ಬೇರೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ೧೮೨೭ರಲ್ಲಿ ಇವರಿಗೆ ಹೆಣ್ಣು ಮಗು ಹುಟ್ಟಿತು. ಹೆಸರು ಇನೆ. ಮರುವರ್ಷ ೧೮೨೮ರಲ್ಲಿ ಸೀಬೋಲ್ಡನ ಹತ್ತಿರ ಜಪಾನ್ ದೇಶದ ನಕಾಶೆಗಳು ಇರುವುದು ಸರಕಾರಕ್ಕೆ ತಿಳಿಯಿತು. ಹೊರಗಿನವರಿಗೆ ನಕಾಶೆ ಕೊಡುವುದು ಆಗ ಘೋರ ಅಪರಾಧ. ಕೊಟ್ಟವನು ಸರಕಾರದ ಖಗೋಳಶಾಸ್ತ್ರಜ್ಞನೇ ಆಗಿದ್ದ ತಾಕಾಹಾಶಿ ಕಾಗೆಯಾಸು. ಆತ ೧೮೨೯ರಲ್ಲಿ ಸೆರೆಮನೆಯಲ್ಲೇ ಸತ್ತ. ಅದೇ ವರ್ಷದ ಕೊನೆಗೆ ಸೀಬೋಲ್ಡನನ್ನು ದೇಶದಿಂದ ಹೊರಗೆ ಹಾಕಿದರು. ತಾಯಿ ಮಗಳು ಅಲ್ಲೇ ಉಳಿದರು. ಮಗುವಿಗೆ ಆಗ ಎರಡು ವರ್ಷ.

ಯುರೋಪಿಗೆ ಮರಳಿದ ಸೀಬೋಲ್ಡ್, ಜುಕ್ಕಾರಿನಿ ಎಂಬ ಪಂಡಿತನೊಡನೆ ಸೇರಿ ಜಪಾನಿನ ಸಸ್ಯಗಳ ದೊಡ್ಡ ಗ್ರಂಥವನ್ನು ೧೮೩೫ರಿಂದ ಭಾಗಭಾಗವಾಗಿ ಹೊರತಂದ. ಅದರಲ್ಲಿ ಚೆಂಡಿನಂಥ ಹೂವಿನ ಒಂದು ಹೈಡ್ರಾಂಜಿಯಕ್ಕೆ 'ಒತಾಕ್ಸಾ' ಎಂದು ಹೆಸರಿಟ್ಟ. ಜಪಾನಿನಲ್ಲಿ ಅಂಥ ಗಿಡದ ಹೆಸರೇ ಇರಲಿಲ್ಲ. ತಾಕಿಯನ್ನು ಗೌರವದಿಂದ 'ಒ-ತಾಕಿ-ಸಾನ್' ಎಂದು ಕರೆಯುತ್ತಿದ್ದರು. ನಮ್ಮಲ್ಲಿ 'ತಾಕಮ್ಮನವರು' ಅಂದ ಹಾಗೆ. ಆ ಕರೆಯೇ ಹೂವಿನ ಹೆಸರಾಗಿತ್ತು. ತೊಮಿತಾರೊ ಮಾಕಿನೊ ಎಂಬ ಜಪಾನಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಮುಂದೆ ಇದನ್ನು ಬಹಳ ಕಟುವಾಗಿ ಟೀಕಿಸಿದ. ಶಾಸ್ತ್ರದ ಲೆಕ್ಕದಲ್ಲಿ ಆ ಹೆಸರು ಉಳಿಯಲೂ ಇಲ್ಲ, ಅದು ಹಳೆಯ ಜಾತಿಯೇ ಎಂದು ತೀರ್ಮಾನವಾಯಿತು. ಆದರೆ ನಾಗಸಾಕಿಯ ಜನ ಆ ಹೆಸರನ್ನು ಬಿಟ್ಟಿಲ್ಲ. ಅವರ ನಗರದ ಲಾಂಛನದ ಹೂವೂ ಇದೇ. ೧೮೫೯ರಲ್ಲಿ ಸೀಬೋಲ್ಡ್ ಮತ್ತೆ ಜಪಾನಿಗೆ ಹೋಗಿ ತಾಕಿಯನ್ನೂ ಮಗಳನ್ನೂ ಕಂಡ. ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಮಗಳು ಇನೆ ತಂದೆಯ ಶಿಷ್ಯರಿಂದಲೇ ವೈದ್ಯ ಕಲಿತು, ಪಾಶ್ಚಾತ್ಯ ವೈದ್ಯ ಕಲಿತ ಜಪಾನಿನ ಮೊದಲ ಮಹಿಳೆ ಎನಿಸಿದಳು. ೧೮೭೩ರಲ್ಲಿ ಅರಮನೆಯ ಹೆರಿಗೆಗೂ ಅವಳಿಗೆ ಕರೆ ಬಂತು.

ಈಗ ಬಣ್ಣದ ಗುಟ್ಟಿಗೆ ಬರೋಣ. ಗುಟ್ಟು ಬಿಚ್ಚಿದ್ದು ೨೦ನೆಯ ಶತಮಾನದಲ್ಲಿ. ಮೊದಲು ಮಣ್ಣಿನ ಹುಳಿಯನ್ನು ಅಳೆಯುವ ಒಂದು ಅಳತೆಗೋಲು ಬೇಕಾಗಿತ್ತು. ೧೯೦೯ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ವಿಜ್ಞಾನಿ ಅದನ್ನು ಕೊಟ್ಟ. ಅದನ್ನೇ ನಾವು 'ಪಿ.ಎಚ್.' ಎನ್ನುವುದು. ೭ ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ೭ರಿಂದ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ.

ನಮ್ಮ ಅಡಿಗೆಮನೆಯ ಪಾತ್ರೆಯ ಅಲ್ಯೂಮಿನಿಯಮ್ ಉಂಟಲ್ಲ, ಆ ಲೋಹದ ಅಂಶ ಎಲ್ಲ ಜೇಡಿಮಣ್ಣಿನಲ್ಲಿಯೂ ಇದೆ. ಸಾಮಾನ್ಯವಾಗಿ ಅದು ಮಣ್ಣಿನ ಕಣದೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಪಿ.ಎಚ್. ಐದೂವರೆಗಿಂತ ಕೆಳಗಿಳಿದರೆ ಬೀಗ ತೆರೆದು ನೀರಿನಲ್ಲಿ ಕರಗುತ್ತದೆ. ಹೈಡ್ರಾಂಜಿಯದ ಬೇರು ಅದನ್ನು ಹೀರಿ ಹೂವಿನವರೆಗೂ ಒಯ್ಯುತ್ತದೆ. ಹೂವಿನಲ್ಲಿರುವ ಬಣ್ಣದ ವಸ್ತು ಎರಡು ಕಡೆಯೂ ಒಂದೇ. ಅಲ್ಯೂಮಿನಿಯಮ್ ಬಂದು ಕೂಡಿದರೆ ನೀಲಿ, ಬಾರದಿದ್ದರೆ ಗುಲಾಬಿ. ಪಿ.ಎಚ್. ಆರೂವರೆ ದಾಟಿದರೆ ಹೆಚ್ಚಾಗಿ ಗುಲಾಬಿಯೇ. ನಡುವೆ ಇದ್ದರೆ ನೇರಳೆಯ ಛಾಯೆ. ಪಟಿಕದ ನೀರು ಕೆಲಸ ಮಾಡಿದ್ದು ಇದಕ್ಕೇ, ಪಟಿಕದಲ್ಲಿ ಅಲ್ಯೂಮಿನಿಯಮ್ ಇದೆ. ಮೊಳೆಯದು ಬರೀ ನಂಬಿಕೆ. ಬಿಳಿ ಹೂವಿನ ಜಾತಿಗಳಲ್ಲಿ ಈ ಬಣ್ಣದ ವಸ್ತು ಇಲ್ಲ, ಆದ್ದರಿಂದ ಏನು ಹಾಕಿದರೂ ಅವು ನೀಲಿಯಾಗುವುದಿಲ್ಲ.

ಈಗ ಅಜ್ಜಿಯ ಅಂಗಳ ನೋಡಿ. ಹಲಸಿನ ಮರದ ಹತ್ತಿರ ಮಲೆನಾಡಿನ ಸಹಜವಾದ ಕೆಮ್ಮಣ್ಣು. ಸಾವಿರಾರು ವರ್ಷ ಸುರಿದ ಮಳೆ ಅದರ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ, ಹುಳಿ ಉಳಿದಿದೆ. ಗೋಡೆಯ ಹತ್ತಿರ? ಪ್ರತಿ ವರ್ಷ ದೀಪಾವಳಿಗೆ ಮುಂಚೆ ಆ ಗೋಡೆಗೆ ಸುಣ್ಣ ಹೊಡೆಯುತ್ತಾರೆ. ತೊಟ್ಟಿಕ್ಕಿದ ಸುಣ್ಣ, ಉದುರಿದ ಗಾರೆ ಎಲ್ಲ ಬುಡಕ್ಕೇ. ಅಲ್ಲಿ ಹುಳಿ ಮುರಿದಿದೆ. "ಅಜ್ಜಿ, ಕಡ್ಡಿ ಅದಲು ಬದಲಾಗಿಲ್ಲ. ನೆಲ ಅದಲು ಬದಲಾಗಿದೆ" ಎಂದೆ. ಅಜ್ಜಿ ಸೊಸೆಯ ಕಡೆ ನೋಡಿ, "ಕೇಳ್ದ್ಯೇನೇ?" ಎಂದು ನಕ್ಕರು.

ಅಲ್ಲೇ ಜಗಲಿಯ ಮೇಲೆ ಕೂತಿದ್ದ ಅವರ ಮಗ ಮಾತ್ರ ನಗಲಿಲ್ಲ. "ಹಾಗಾದ್ರೆ ನನ್ನ ತೋಟದ ಮಣ್ಣೂ ಇದೇ ತಾನೇ ಸಾರ್? ಮೂರು ವರ್ಷದಿಂದ ಸಾಲ ಮಾಡಿ ಸೂಪರ್ ಫಾಸ್ಫೇಟ್ ಸುರೀತಾ ಇದ್ದೀನಿ. ಹಿತ್ತಲ ತರಕಾರಿಯೂ ಏಳ್ತಾ ಇಲ್ಲ, ಅಡಿಕೆ ಸಸಿಯೂ ಏಳ್ತಾ ಇಲ್ಲ" ಎಂದರು.

ರೈತ ಬಾಂಧವರೇ, ಮುಖ್ಯವಾದ ಮಾತು ಇದೇ. ಹುಳಿಮಣ್ಣಿನಲ್ಲಿ ಬೀಗ ತೆರೆದು ಹೊರಬಂದ ಅಲ್ಯೂಮಿನಿಯಮ್ ಎರಡು ಕೇಡು ಮಾಡುತ್ತದೆ. ಒಂದು, ಅನೇಕ ಬೆಳೆಗಳ ಎಳೆಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ೧೯೧೮ರಲ್ಲಿ ಅಮೆರಿಕದ ಹಾರ್ಟ್‌ವೆಲ್ ಮತ್ತು ಪೆಂಬರ್ ಎಂಬವರು, ಹುಳಿಮಣ್ಣಿನಲ್ಲಿ ಬಾರ್ಲಿ ಸೊರಗಲು ಈ ಅಲ್ಯೂಮಿನಿಯಮ್ಮೇ ಕಾರಣವೆಂದು ತೋರಿಸಿದರು. ಹೈಡ್ರಾಂಜಿಯ, ಚಹದಂಥ ಕೆಲವು ಗಿಡಗಳು ಮಾತ್ರ ಅದನ್ನು ತಡೆದುಕೊಳ್ಳುತ್ತವೆ. ಎರಡನೆಯದು, ನೀವು ಹಾಕಿದ ರಂಜಕವನ್ನು ಅಲ್ಯೂಮಿನಿಯಮ್ಮೂ ಕಬ್ಬಿಣವೂ ಹಿಡಿದು ಕಟ್ಟಿಹಾಕುತ್ತವೆ. ಗೊಬ್ಬರ ಮಣ್ಣಿನಲ್ಲೇ ಇರುತ್ತದೆ, ಬೆಳೆಯ ಬಾಯಿಗೆ ಬರುವುದಿಲ್ಲ. ನೀಲಿ ಹೂವು ಅಂಗಳದಲ್ಲಿ ನಗುತ್ತಿದ್ದರೆ, ತೋಟದಲ್ಲಿ ನಿಮ್ಮ ದುಡ್ಡು ನೆಲದೊಳಗೆ ಹೂತುಹೋಗುತ್ತಿರಬಹುದು.

ಇದಕ್ಕೆ ದಾರಿ ಇದೆ. ಹುಳಿಮಣ್ಣಿಗೆ ಕೃಷಿ ಸುಣ್ಣ ಅಥವಾ ಡಾಲಮೈಟ್ ಹಾಕಬೇಕು. ಅದು ಮಣ್ಣಿಗೆ ಸೇರಲು ಕೆಲವು ವಾರ ಬಿಟ್ಟು ಆಮೇಲೆ ಗೊಬ್ಬರ ಕೊಡಬೇಕು. ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಒಟ್ಟಿಗೆ ಬೆರೆಸಬಾರದು. ಹುಳಿ ಹೆಚ್ಚಿರುವಲ್ಲಿ ಸೂಪರ್ ಫಾಸ್ಫೇಟಿಗಿಂತ ಶಿಲಾರಂಜಕ ಒಳ್ಳೆಯದು, ಆ ಹುಳಿಯೇ ಅದನ್ನು ನಿಧಾನವಾಗಿ ಕರಗಿಸಿ ಕೊಡುತ್ತದೆ. ಕೊಟ್ಟಿಗೆ ಗೊಬ್ಬರ, ಸೊಪ್ಪಿನ ಗೊಬ್ಬರ ಧಾರಾಳವಾಗಿ ಹಾಕಿದರೆ ಅಲ್ಯೂಮಿನಿಯಮ್ಮಿನ ಕಾಟ ಕಡಿಮೆಯಾಗುತ್ತದೆ. ಆದರೆ ಹೂವಿನ ಬಣ್ಣ ನೋಡಿ ಸುಣ್ಣದ ಲೆಕ್ಕ ಹಾಕಬೇಡಿ. ಹೂವು ಸುಳಿವು ಕೊಡುತ್ತದೆ, ಲೆಕ್ಕ ಕೊಡುವುದಿಲ್ಲ. ತೋಟದ ಏಳೆಂಟು ಕಡೆ, ಮೇಲಿನ ಕಸ ಸರಿಸಿ, ತರಕಾರಿಗೆ ಅರ್ಧ ಅಡಿ ಆಳದವರೆಗೆ, ಅಡಿಕೆಯಂಥ ಮರಗಳಿಗೆ ಇನ್ನೂ ಆಳದವರೆಗೆ ಮಣ್ಣು ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ. ಎಷ್ಟು ಸುಣ್ಣ ಎನ್ನುವುದನ್ನು ಆ ಚೀಟಿ ಹೇಳುತ್ತದೆ.

ಇನ್ನು ಗಿಡ ಬೆಳೆಸುವ ಕ್ರಮ. ತಾಯಂದಿರು ಕೇಳಿಸಿಕೊಳ್ಳಿ. ತಂಪು ಹವೆಯ ಮಲೆನಾಡು, ಕೊಡಗಿನಲ್ಲಿ ಇದು ಸುಲಭವಾಗಿ ಬರುತ್ತದೆ. ಬಯಲುಸೀಮೆಯ ಬಿಸಿಲಿಗೆ, ಸುಣ್ಣದ ಅಂಶವಿರುವ ಕಪ್ಪುಮಣ್ಣಿಗೆ ಒಗ್ಗುವುದು ಕಷ್ಟ, ಎಲೆ ಹಳದಿಯಾಗುತ್ತದೆ. ಅಲ್ಲಿಯವರು ಕುಂಡದಲ್ಲಿ ಕೆಮ್ಮಣ್ಣು, ಎಲೆಗೊಬ್ಬರ ತುಂಬಿ ನೆರಳಲ್ಲಿ ಬೆಳೆಸಬಹುದು.

ಮಳೆಗಾಲದಲ್ಲಿ ಹೂ ಬಿಡದ ಕೊಂಬೆಯಿಂದ ಗೇಣುದ್ದಕ್ಕೂ ಕಡಿಮೆ, ಎರಡು ಮೂರು ಗೆಣ್ಣು ಇರುವ ಕಡ್ಡಿ ಕತ್ತರಿಸಿ. ಕೆಳಗಿನ ಎಲೆ ಕಿತ್ತು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗೆ ನೆಡಿ. ಒಂದು ತಿಂಗಳ ಸುಮಾರಿಗೆ ಬೇರು ಬಿಡುತ್ತದೆ. ಆಮೇಲೆ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗಕ್ಕೆ ಬದಲಿಸಿ. ನೀರು ನಿಲ್ಲಬಾರದು, ನೆಲ ಒಣಗಲೂಬಾರದು. ಬೇಸಗೆಯಲ್ಲಿ ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ಎದ್ದರೆ ಹೆದರಬೇಡಿ. ಬೆಳಿಗ್ಗೆಯೂ ಜೋತಿದ್ದರೆ ನೀರು ಸಾಲದು, ಇಲ್ಲವೇ ಬೇರು ಕೊಳೆತಿದೆ.

ಸವರುವುದರಲ್ಲಿ ತುಂಬಾ ಜನ ತಪ್ಪುತ್ತಾರೆ. ಈ ವರ್ಷ ಬೆಳೆದ ಕೊಂಬೆಯ ತುದಿಯಲ್ಲಿ ಮುಂದಿನ ವರ್ಷದ ಹೂವು ಅಡಗಿರುತ್ತದೆ. ಹೂವು ಮುಗಿದ ಕೂಡಲೇ, ಬಾಡಿದ ಚೆಂಡಿನ ಕೆಳಗೆ ದಪ್ಪ ಮೊಗ್ಗಿನ ಜೋಡಿಯ ಮೇಲಕ್ಕೆ ಕತ್ತರಿಸಿ. ತಡಮಾಡಿ ಕತ್ತರಿಸಿದರೆ ಮುಂದಿನ ವರ್ಷ ಬರೀ ಎಲೆ.

ನೀಲಿ ಬೇಕಾದರೆ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, ಬುಡ ಒದ್ದೆಯಿರುವಾಗ ಹದಿನೈದು ದಿನಕ್ಕೊಮ್ಮೆ ಹಾಕಿ. ಮೊಗ್ಗು ಕಾಣುವುದಕ್ಕೆ ಮೊದಲೇ ಶುರುಮಾಡಬೇಕು. ಹೆಚ್ಚು ಹಾಕಿದರೆ ಬೇರು ಸುಡುತ್ತದೆ. ಮೂಳೆಪುಡಿ, ಸೂಪರ್ ಫಾಸ್ಫೇಟ್ ಹಾಕಬೇಡಿ, ನೀಲಿ ಕೆಡುತ್ತದೆ. ಗುಲಾಬಿ ಬೇಕಾದರೆ ಒಂದು ಹಿಡಿ ಸುಣ್ಣದ ಪುಡಿ ಬುಡದ ಸುತ್ತ ಚೆಲ್ಲಿ. ಎರಡಕ್ಕೂ ಒಂದು ವರ್ಷ ಕಾಯಬೇಕು.

ಮಳೆಗಾಲ ಮುಗಿದ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಮಗ ಮಣ್ಣು ಪರೀಕ್ಷೆಯ ಚೀಟಿ ತಂದು ತೋರಿಸಿದರು. ತೋಟದ ಪಿ.ಎಚ್. ಐದರ ಸುತ್ತ ಇತ್ತು. ಆ ವರ್ಷದ ಗೊಬ್ಬರದ ದುಡ್ಡಿನಲ್ಲಿ ಮೊದಲು ಸುಣ್ಣ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನ ಮಾಡಿದ್ದರು. ಅಜ್ಜಿ ಮಾತ್ರ ಒಂದು ಕಟ್ಟುನಿಟ್ಟು ಮಾಡಿದ್ದರಂತೆ: "ಸುಣ್ಣ ತೋಟಕ್ಕೆ ಎಷ್ಟು ಬೇಕಾದ್ರೂ ಹಾಕ್ಕೋ. ಹಲಸಿನ ಮರದ ಬುಡಕ್ಕೆ ಮಾತ್ರ ತರ್ಬೇಡ, ನನ್ನ ನೀಲಿ ಹೂ ಹೋಗ್ತದೆ."

ನಿಮ್ಮ ಅಂಗಳದ ಹೂವು ಏನು ಬಣ್ಣ ಬಿಟ್ಟಿದೆ ಎಂದು ನಾಳೆ ಬೆಳಿಗ್ಗೆ ಒಮ್ಮೆ ನೋಡಿ.